ಯಾರ ಕೈ ತಪ್ಪಿತು

ಹೊಳೆ ದಂಡೆಯ ಒಂದು ವಿಶ್ವವಿದ್ಯಾನಿಲಯದಲ್ಲಿ ಕೆಂಪರಾಜಯ್ಯ ಎಂಬ ಗುರುಗಳಿದ್ದರು. ಅವರು ಹುಡುಗರಿಗೆ ಪಾಠ ಹೇಳಿದವರಲ್ಲ. ಕಂಪ್ಯೂಟರಿನಲ್ಲಿ ಪಾಠ ಮಾಡುವುದು ಹೇಗೆ ಎಂದು ಪ್ರೊಫೆಸರುಗಳಿಗೆ ಕಲಿಸುವುದೇ ಅವರ ಕೆಲಸ. ಓದಿಸುವವರನ್ನೇ ಓದಿಸುವುದು ಅಂದರೆ ತಮಾಷೆಯೇ?

ಅವರ ಕೈಕೆಳಗೆ ಮಾದೇಶ ಎಂಬ ಶಿಷ್ಯ. ಅವನದು ಗುತ್ತಿಗೆ ನೌಕರಿ. ಆ ತಿಂಗಳ ಕೊನೆಗೆ ಗುತ್ತಿಗೆ ಮುಂದುವರಿಯಬೇಕಿತ್ತು. ಮುಂದುವರಿಯುತ್ತೋ ಇಲ್ಲವೋ ಎಂಬ ಅಂಜಿಕೆಯಲ್ಲೇ ಅವನು ಉಣ್ಣುತ್ತಿದ್ದ, ಮಲಗುತ್ತಿದ್ದ.

ಒಂದು ಬೆಳಿಗ್ಗೆ ಗುರುಗಳು, ಕಂಪ್ಯೂಟರಿನಲ್ಲಿರುವ ಹೋದ ವರ್ಷದ ಕೋರ್ಸುಗಳನ್ನು ಅಳಿಸಿ ಜಾಗ ಖಾಲಿ ಮಾಡು ಎಂದರು. ಸರ್ವಮಂಗಳ ಮೇಡಂ ಅವರದ್ದು ಎರಡು ಕೋರ್ಸುಗಳಿದ್ದವು, ಹೋದ ವರ್ಷ ಮಾದೇಶ ಹಾಕಿಕೊಟ್ಟಿದ್ದು, ಈ ವರ್ಷ ಅವರೇ ಹಾಕಿದ್ದು. ಹೆಸರು ಮಾತ್ರ ಒಂದೇ. ಮಾದೇಶ ಈ ವರ್ಷದ್ದನ್ನು ಅಳಿಸಿಬಿಟ್ಟ.

ಮೇಡಂ ಹೇಳಿದ್ದ ಪಾಠ, ಟಿಪ್ಪಣಿ, ಹುಡುಗರು ಬರೆದು ಹಾಕಿದ್ದ ಉತ್ತರ, ಎಲ್ಲಾ ಹೋಯಿತು. ಪರೀಕ್ಷೆ ಬೇರೆ ಹತ್ತಿರ ಬಂದಿತ್ತು. ಮಾದೇಶನಿಗೆ ಅದು ತಿಳಿದದ್ದು ಅಳಿಸಿದ ಮೇಲೆ.

ಅಷ್ಟರಲ್ಲಿ ಮೇಡಂ ಏದುಸಿರು ಬಿಡುತ್ತಾ ಬಂದರು. ಹಳಗನ್ನಡದ ಪ್ರಾಧ್ಯಾಪಕಿ, ನಿವೃತ್ತಿಗೆ ಹತ್ತಿರವಾದವರು. ಕಂಪ್ಯೂಟರ್ ಕಂಡರೆ ಹಾವು ಕಂಡಂತೆ ಆಡುತ್ತಿದ್ದವರು ಈ ವರ್ಷವಷ್ಟೇ ಧೈರ್ಯ ತಂದುಕೊಂಡು ಕಲಿತಿದ್ದರು.

“ಮಾದೇಶ, ನಾನು ಏನೋ ಒತ್ತಿಬಿಟ್ಟೆ ಅಂತ ಕಾಣುತ್ತಪ್ಪ. ಎಲ್ಲಾ ಹೋಗಿಬಿಟ್ಟಿದೆ.”

ಮಾದೇಶ ಬಾಯಿ ತೆರೆದ. ನಿಜ ನಾಲಿಗೆ ತುದಿಗೆ ಬಂದಿತ್ತು. ಗುತ್ತಿಗೆ ನೆನಪಾಯಿತು.

“ಆಗುತ್ತೆ ಮೇಡಂ, ಒಂದೊಂದು ಸಲ ಕೈ ತಪ್ಪುತ್ತೆ,” ಎಂದ. ಯಾರ ಕೈ ಎಂದು ಹೇಳಲಿಲ್ಲ ಪುಣ್ಯಾತ್ಮ!

ಮೇಡಂ ತಮ್ಮ ಕೈಯನ್ನೇ ನೋಡಿಕೊಂಡರು. “ಮನಸ್ಸು ಬೇಡ ಬೇಡ ಅಂತಿದ್ದರೂ ಈ ವಯಸ್ಸಲ್ಲಿ ಕಲಿಯೋಕೆ ಹೋದೆ. ಈಗ ಹುಡುಗರ ಗತಿ ಏನು? ಇನ್ನು ನಾನು ಇದನ್ನ ಮುಟ್ಟಲ್ಲ. ಈ ಪಾಠ ಬೇರೆ ಯಾರಿಗಾದರೂ ಕೊಟ್ಟುಬಿಡಿ ಅಂತ ಹೇಳ್ತೀನಿ.”

ಕಣ್ಣೊರೆಸಿಕೊಂಡು ಹೋದರು.

ಮಾದೇಶ ಗುರುಗಳ ಬಳಿಗೆ ಓಡಿದ. “ಸರ್, ಸರ್ವಮಂಗಳ ಮೇಡಂ ಕೋರ್ಸು ಅಳಿಸಿಹೋಗಿದೆ. ಅವರೇ ಏನೋ ಒತ್ತಿಬಿಟ್ಟರಂತೆ.”

“ಇಡೀ ಕೋರ್ಸು ಅಳಿಸೋ ಗುಂಡಿ ಅವರ ಪರದೆ ಮೇಲೆ ಇದೆಯಾ?”

“ಇಲ್ಲ ಸರ್.”

“ಯಾರ ಪರದೆ ಮೇಲಿದೆ?”

“ನಿಮ್ಮದರಲ್ಲಿ... ನನ್ನದರಲ್ಲಿ.”

“ನಾನಂತೂ ಅಳಿಸಿಲ್ಲ,” ಎಂದರು ಗುರುಗಳು.

ಮಾದೇಶ ಬೈಗುಳಕ್ಕೆ ಕಾದು ನಿಂತ. ಬೈಗುಳ ಬರಲಿಲ್ಲ. ಬಂದಿದ್ದರೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ. ಗುರುಗಳು ಅವನನ್ನು ಕೂರಿಸಿ, ಬೇರೆ ಕಡೆ ಎತ್ತಿಟ್ಟಿದ್ದ ಪ್ರತಿಯಿಂದ ಕೋರ್ಸನ್ನು ವಾಪಸ್ ತರುವುದು ಹೇಗೆ ಎಂದು ಹೇಳಿಕೊಟ್ಟರು. ಸಂಜೆಯ ಹೊತ್ತಿಗೆ ಒಂದೂ ಬಿಡದೆ ಎಲ್ಲಾ ಬಂತು.

ಮಾದೇಶನಿಗೆ ಹೋದ ಜೀವ ಬಂದಂತಾಯಿತು. “ಬಂತು ಸರ್! ಯಾರಿಗೂ ನಷ್ಟ ಇಲ್ಲ. ಇನ್ನು ಇದನ್ನ ಇಲ್ಲಿಗೇ ಬಿಟ್ಟುಬಿಡೋಣ.”

“ಪಾಠ ಬಂತು. ನಿನ್ನ ಭಯ ಮಾತ್ರ ಆ ತಾಯಿ ಹತ್ತಿರವೇ ಉಳೀತು. ಹೋಗಿ ಇಸ್ಕೊಂಡು ಬಾ.”

“ಸರ್, ನನ್ನ ಕೆಲಸ ಹೋದರೆ?”

“ಹೋಗಬಹುದು.”

ಗುರುಗಳು ಇನ್ನೊಂದು ಮಾತು ಸೇರಿಸುತ್ತಾರೆ, ‘ನಾನಿದ್ದೀನಿ ಬಿಡು’ ಅನ್ನುತ್ತಾರೆ ಎಂದು ಮಾದೇಶ ಕಾದ. ಅವರು ಕನ್ನಡಕ ಒರೆಸುತ್ತಾ ಕೂತರು.

ಮಾದೇಶ ಹೊಳೆ ದಂಡೆಯ ದಾರಿ ಹಿಡಿದು ಕನ್ನಡ ವಿಭಾಗಕ್ಕೆ ಹೊರಟ. ಅರ್ಧ ದಾರಿಗೆ ಹೋಗಿ ಹಿಂದಕ್ಕೆ ತಿರುಗಿದ. ಮನೆಯಲ್ಲಿ ಹೆಂಡತಿಗೆ ಏನು ಹೇಳಲಿ ಎಂದುಕೊಂಡ. ಮತ್ತೆ ಮುಂದಕ್ಕೆ ನಡೆದ.

ಮೇಡಂ ಕೋಣೆಯಲ್ಲಿ ಒಬ್ಬರೇ ಕೂತಿದ್ದರು. ಲ್ಯಾಪ್‌ಟಾಪಿನ ಮೇಲೆ ಟವೆಲು ಹೊದಿಸಿದ್ದರು.

“ಮೇಡಂ, ಅಳಿಸಿದ್ದು ನೀವಲ್ಲ. ನಾನು. ಹೆದರಿಕೊಂಡು ಸುಮ್ಮನಾಗಿಬಿಟ್ಟೆ.”

ಮೇಡಂ ಅವನನ್ನೇ ನೋಡಿದರು. “ನಾನಲ್ವಾ?”

“ಅಲ್ಲ ಮೇಡಂ. ಎಲ್ಲಾ ವಾಪಸ್ ಬಂದಿದೆ.”

“ಬೆಳಿಗ್ಗೆಯಿಂದ ಒಂದು ತುತ್ತು ಇಳಿದಿಲ್ಲ ಕಣೋ ನನಗೆ! ನಿನ್ನ ತಪ್ಪಿಗೆ ನನ್ನ ತಲೆ ಮೇಲೆ ಗೂಬೆ ಕೂರಿಸಿ ಕಳಿಸಿದೆಯಲ್ಲೋ!” ಟವೆಲನ್ನು ಕಿತ್ತೆಸೆದರು. “ನಿಂತ್ಕೋ ಅಲ್ಲೇ. ರಿಜಿಸ್ಟ್ರಾರಿಗೆ ಬರೀತೀನಿ.”

ಕೂತು ಟೈಪ್ ಮಾಡತೊಡಗಿದರು. ಮಾದೇಶ ಒಂದೊಂದು ಕೀಲಿ ಸದ್ದನ್ನೂ ಎಣಿಸಿದ. ಓಡಿಹೋಗೋಣ ಅನ್ನಿಸಿತು. ಓಡದೆ ನಿಂತ.

“ನಿಮ್ಮ ಕೆಂಪರಾಜಯ್ಯನವರಿಗೂ ಒಂದು ಪ್ರತಿ ಹೋಗಬೇಕು. ಎಲ್ಲಿ ಒತ್ತಲಿ?”

ಕಲಿಯುವವರ ಮೌಸನ್ನು ಕಲಿಸುವವನು ಮುಟ್ಟಬಾರದು, ಅದು ಗುರುಗಳ ಕಟ್ಟಳೆ. ಮಾದೇಶ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಮೇಲಿನಿಂದ ಎರಡನೇ ಸಾಲು ಮೇಡಂ. ಅಲ್ಲಿ ಅವರ ಹೆಸರು ಹಾಕಿ... ಹೂಂ, ಈಗ ಕೆಳಗಿನ ನೀಲಿ ಗುಂಡಿ.”

ದೂರು ಹೋಯಿತು.

ಅವನು ಕಾಲೆಳೆದುಕೊಂಡು ಬಂದು ಗುರುಗಳ ಮುಂದೆ ನಿಂತ. ಅವರ ಪರದೆಯ ಮೇಲೆ ಆ ದೂರು ಆಗಲೇ ತೆರೆದಿತ್ತು.

“ನನ್ನ ಕಥೆ ಮುಗೀತು ಅನ್ಸುತ್ತೆ ಸರ್.”

“ಅದು ರಿಜಿಸ್ಟ್ರಾರ್ ಹೇಳಬೇಕಾದ್ದು. ಇದನ್ನ ಟೈಪ್ ಮಾಡಿಕೊಟ್ಟಿದ್ದು ಯಾರು?”

“ಯಾರೂ ಇಲ್ಲ. ಅವರೇ ಮಾಡಿದರು.”

“ಕೈ ನಡುಗ್ತಿತ್ತಾ?”

“ಅವರದ್ದು ಇಲ್ಲ ಸರ್. ನನ್ನದು ನಡುಗ್ತಿತ್ತು.”

ಗುರುಗಳು ತಲೆಯಾಡಿಸಿದರು.

“ಹಾಗಾದರೆ ಸರಿ. ಯಾರದ್ದು ಯಾರಿಗೆ ಸೇರಬೇಕಿತ್ತೋ ಸೇರಿತು.”