ಫಕೀರವ್ವನ ಟ್ರಂಕು

ಹೊಳೆ ದಾಟಿ ಹೋಗುವವರು ತಮ್ಮ ಗಂಟುಮೂಟೆಗಳನ್ನು ಅಡಿವೆಪ್ಪಜ್ಜನ ಮಠದಲ್ಲಿ ಇಟ್ಟು ಹೋಗುವುದು ರೂಢಿ. ಪೆಟ್ಟಿಗೆ ಮಠದಲ್ಲಿ, ಕೀಲಿಕೈ ಇಟ್ಟವರ ಸೊಂಟದಲ್ಲಿ. ಒಳಗೆ ಏನಿದೆ ಎಂದು ಅಜ್ಜ ಯಾರನ್ನೂ ಕೇಳುತ್ತಿರಲಿಲ್ಲ.

ಊರೂರು ತಿರುಗಿ ಕೌದಿ ಹೊಲಿಯುವ ಫಕೀರವ್ವ ಹಾಗೆಯೇ ತನ್ನ ತಗಡಿನ ಟ್ರಂಕನ್ನು ಇಟ್ಟು ಆಚೆ ದಂಡೆಗೆ ಕೆಲಸಕ್ಕೆ ಹೋದಳು.

ಅವಳು ಅತ್ತ ಹೋದಳು, ಇತ್ತ ಊರ ದೇವಿ ದ್ಯಾಮವ್ವನ ಬೆಳ್ಳಿಯ ಕಣ್ಣುಗಳು ಕಾಣೆಯಾದವು.

ಎಲ್ಲರ ಬಾಯಿಗೂ ಬಂದದ್ದು ಫಕೀರವ್ವನ ಹೆಸರೇ. ದ್ಯಾಮವ್ವನ ಗುಡಿಯ ಕಟ್ಟೆಯ ಮೇಲೆ ಕೂತು ಊರವರದೇ ಹಳೆಯ ಸೀರೆಗಳಿಂದ ಕೌದಿ ಹೊಲಿದುಕೊಟ್ಟಿದ್ದಳಲ್ಲ, ಅಷ್ಟು ಸಾಕಾಯಿತು. ಅವಳು ಹೊಲಿದ ಕೌದಿ ಹೊದ್ದು ಬೆಚ್ಚಗೆ ಮಲಗಿದವರೇ ಅವಳನ್ನು ಕಳ್ಳಿ ಎಂದರು. ನಾಚಿಕೆಗೆಟ್ಟ ಜನ.

ಊರ ಹಿರಿಯರು ಮಠಕ್ಕೆ ಬಂದರು.

"ಅಜ್ಜಾರ, ಆಕಿ ಟ್ರಂಕು ತಗೀರಿ. ನೋಡೂಣು."

"ಕೀಲಿಕೈ ಆಕಿ ಹತ್ರ ಐತಿ. ಆಕಿ ಬರೂತನಾ ಕಾಯ್ರಿ," ಎಂದು ಅಜ್ಜ ಸ್ನಾನಕ್ಕೆ ಹೊಳೆಗೆ ಇಳಿದರು.

ಹಿರಿಯರು ಜಗ್ಗಲಿಲ್ಲ. ಬಾಗಿಲಲ್ಲೇ ನಿಂತು ಫಕೀರವ್ವನನ್ನು ಬಾಯಿಗೆ ಬಂದಂತೆ ಬೈದರು. ಒಳಗಿದ್ದ ಶಿಷ್ಯ ರೇವಣಸಿದ್ಧನಿಗೆ ಮೈ ಉರಿಯಿತು. ಇಂಗ್ಲಿಷಿನಲ್ಲಿ ಎಂ.ಎ. ಮಾಡಿ ಮಠ ಸೇರಿದವನು. ಅನ್ಯಾಯ ಕಂಡರೆ ಅವನಿಗೆ ತಡೆಯುತ್ತಿರಲಿಲ್ಲ.

ಹಾರೆ ತಂದ. ಮುಚ್ಚಳದ ಸಂದಿಗೆ ತೂರಿಸಿ ಮೀಟಿದ. ಚಿಲಕ ಕಿತ್ತು ಬಂತು.

"ನೋಡ್ರಿ, ಕಣ್ತುಂಬ ನೋಡ್ರಿ! ಎಲ್ಲೈತಿ ನಿಮ್ಮ ಬೆಳ್ಳಿ?"

ಬೆಳ್ಳಿ ಇರಲಿಲ್ಲ. ಇದ್ದದ್ದು ಏನು ಎಂದು ಕೇಳಬೇಡಿ. ಹೇಳಿದರೆ ನಾನೂ ಆ ಹಿರಿಯರ ಸಾಲಿಗೇ ಸೇರುತ್ತೇನೆ.

ಅವರು ಇಣುಕಿದರು, ಕೈಹಾಕಿ ಕೆದಕಿದರು, ದೋತರ ಕೊಡವಿಕೊಂಡು ಹೋದರು. ತಪ್ಪಾಯಿತು ಎಂಬ ಮಾತು ಒಬ್ಬನ ಬಾಯಿಂದಲೂ ಬರಲಿಲ್ಲ.

ಅಜ್ಜ ಒದ್ದೆ ಬಟ್ಟೆಯಲ್ಲೇ ಒಳಗೆ ಬಂದರು.

"ಅಜ್ಜಾರ, ಫಕೀರವ್ವ ಕಳ್ಳಿ ಅಲ್ಲ! ಟ್ರಂಕಿನ್ಯಾಗ ಇದ್ದದ್ದು ಬರೇ..."

"ಬಾಯಿ ಮುಚ್ಚು. ಒಳಗ ಏನೈತಿ ಅಂತ ನಾ ಕೇಳೇನೇನು?"

ಅಜ್ಜ ಇಷ್ಟು ಸಿಟ್ಟಾದದ್ದನ್ನು ರೇವಣಸಿದ್ಧ ಎಂದೂ ಕಂಡಿರಲಿಲ್ಲ.

"ಅಲ್ರಿ ಅಜ್ಜಾರ, ಆಕಿ ಮ್ಯಾಲಿನ ಅಪವಾದ ಹೋತಲ್ಲ. ನಾ ಏನೂ ಕದ್ದಿಲ್ಲ. ತೆರದೇನಿ, ಅಷ್ಟ."

ಅಜ್ಜ ಹಾರೆಯನ್ನು ಕಾಲಿನಿಂದ ಅವನತ್ತ ನೂಕಿದರು.

"ಇದನ್ನ ಹಾಕಿ ತೆರಿಯೂದಕ್ಕ ನಿನ್ನ ಇಂಗ್ಲಿಷಿನ್ಯಾಗ ಏನಂತಾರ?"

ಮಾತಿನ ಮೂಲ ಎಂದರೆ ರೇವಣಸಿದ್ಧನಿಗೆ ಎಲ್ಲಿಲ್ಲದ ಹುರುಪು. ಅಜ್ಜನ ಸಿಟ್ಟನ್ನೂ ಮರೆತ.

"ಪ್ರೈಜ್ ಅಂತಾರ್ರಿ. ಬಹುಮಾನದ ಪ್ರೈಜ್ ಅಲ್ಲ, ಬಿಗಿಯಾಗಿ ಮುಚ್ಚಿದ್ದನ್ನ ಮೀಟಿ ತೆರಿಯೂದು."

"ಎಲ್ಲಿಂದ ಬಂತು ಆ ಮಾತು?"

"ಫ್ರೆಂಚಿನಿಂದ್ರಿ. ಹಿಡಿಯೂದು, ವಶ ಮಾಡ್ಕೊಳ್ಳೂದು ಅಂತ ಅರ್ಥ ಇತ್ತು. ಆಮ್ಯಾಲೆ ಮೀಟೂ ಹಾರೆಗೂ ಅದ ಹೆಸರಾತು..."

ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು.

"ಆ ಮಾತಿನ ಮಂದಿ ಮುಚ್ಚುಮರೆ ಮಾಡಿಲ್ಲ ನೋಡು," ಎಂದರು ಅಜ್ಜ. "ನೀ ಮಾತ್ರ ಬರೇ ತೆರದೇನಿ ಅಂತಿ."

ಸಂಜೆಗೆ ಫಕೀರವ್ವ ಬಂದಳು. ಕಿತ್ತ ಚಿಲಕದ ಮೇಲೆ ಬೆರಳಾಡಿಸಿದಳು.

"ಯಾರು?"

"ನಾನವ್ವ," ಎಂದ ರೇವಣಸಿದ್ಧ. "ನಿನ್ನ ಕಳ್ಳಿ ಅಂದ್ರು. ನಿನ್ನ ಮಾನ ಉಳಸಾಕ ತೆರದೆ."

"ಯಾರ ಮುಂದ?"

"ಹಿರಿಯರ ಮುಂದ."

"ಅವರು ಕೈಹಾಕಿದ್ರು?"

ರೇವಣಸಿದ್ಧ ತಲೆ ತಗ್ಗಿಸಿದ.

"ಕಳ್ಳಿ ಅಂತ ಅಂದ್ರ ಅನ್ನಲಿ, ಅವರ ಮಾರಿ ಮ್ಯಾಲ ಉಗುಳಿ ಹೋಗ್ತಿದ್ದೆ! ಇದನ್ನ ಕಟಗೊಂಡ ಗಂಡಗೂ ತೋರಿಸಿದಾಕಿ ಅಲ್ಲ ನಾ. ನನ್ನ ಮಾನ ಉಳಸು ಅಂತ ನಿನಗ ಯಾರು ಹೇಳಿದ್ರು?"

ಆಮೇಲೆ ಅಜ್ಜನತ್ತ ತಿರುಗಿದಳು. "ನಿಮ್ಮನ್ನ ನಂಬಿ ಇಟ್ಟಿದ್ದೆ, ಅಜ್ಜಾರ."

"ಹೌದವ್ವ. ತಪ್ಪು ಮಠದ್ದು," ಎಂದು ಅಜ್ಜ ಕೈಮುಗಿದರು.

ಅವಳು ಟ್ರಂಕಿಗೆ ಹಗ್ಗ ಬಿಗಿದು ತಲೆಯ ಮೇಲೆ ಹೊತ್ತುಕೊಂಡಳು. ಈ ಮಠದಲ್ಲಿ ಇನ್ನೇನನ್ನೂ ಇಡುವವಳಲ್ಲ ಎಂಬುದು ನೋಡಿದವರಿಗೆ ತಿಳಿಯುತ್ತಿತ್ತು.

ರೇವಣಸಿದ್ಧ ಓಡಿ ಹೋಗಿ ಅಡ್ಡ ನಿಂತ. ಅವನ ಕಣ್ಣಲ್ಲಿ ನೀರಿತ್ತು.

"ಅವ್ವ, ತಪ್ಪಾತು. ಕ್ಷಮಿಸೇನಿ ಅಂತ ಒಂದ ಮಾತು ಅನ್ನು."

ಅವಳು ತುಟಿ ಬಿಚ್ಚಲಿಲ್ಲ.

"ಒಂದ ಮಾತವ್ವ. ನೀ ಅನ್ನೂತನಾ ನಾ ಸರಿಯೂದಿಲ್ಲ!"

ಅಜ್ಜ ಅವನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು.

"ದಾರಿ ಬಿಡೋ. ಬಾಯನ್ನಾದ್ರೂ ಆಕಿ ತಾನಾಗಿ ತೆರೀಲಿ."