‘ಹೂಂ’ ಅನ್ನುವ ಹಾಳೆ

ಒಂದಾನೊಂದು ಊರಿನಲ್ಲಿ, ಊರು ದೊಡ್ಡದೇನಲ್ಲ, ರಾಜ ಕೆಮ್ಮಿದರೆ ಕಡೇ ಮನೆಗೂ ಕೇಳೋದು, ಅಂಥ ಊರಿನಲ್ಲಿ ಮರಿಸ್ವಾಮಿ ಅಂತ ಒಬ್ಬನಿದ್ದ. ಹೆಂಡತಿ ಚೆನ್ನಾಜಮ್ಮ ತೀರಿಹೋಗಿದ್ದಳು. ಅವಳು ಹೋದರೂ ಅವಳ ಮಾತುಗಳು ಹೋಗಿರಲಿಲ್ಲ. ಆಗೊಂದು ಈಗೊಂದು ಬಂದು ಅವನ ತಲೆಯಲ್ಲಿ ಕೂರುತ್ತಿದ್ದವು.

ಮರಿಸ್ವಾಮಿ ಹತ್ತಿರ ಹಳೇ ಕಂಪ್ಯೂಟರ್ ಇತ್ತು. ಎರಡು ಕೀ ಒತ್ತಿದರೆ ಖಾಲಿ ಹಾಳೆ ತೆರೆಯೋದು. ಬಂದ ಮಾತನ್ನು ಟಪಟಪ ಟೈಪ್ ಹೊಡೆದು ಕೂರಿಸಿಬಿಡುತ್ತಿದ್ದ. ಮೌಸ್ ಮುಟ್ಟುತ್ತಿರಲಿಲ್ಲ. ಮೌಸ್ ಹಿಡಿಯೋಕೆ ಅಂತ ಕೈ ಎತ್ತಿದರೆ ಮಾತು ಕಂಕುಳ ಸಂದಿಯಿಂದ ಓಡಿಹೋಗುತ್ತೆ. ಇದು ಎಲ್ಲರಿಗೂ ಗೊತ್ತಿರೋ ವಿಷಯ.

ಒಂದು ಮಾತು ಮಾತ್ರ ಇನ್ನೂ ಬಂದಿರಲಿಲ್ಲ. ಆಸ್ಪತ್ರೆಯಲ್ಲಿ ಅವಳು ಕಡೆಗೆ ಹೇಳಿದ್ದು. ಅವನಿಗೆ ಮರೆತುಹೋಗಿತ್ತು. ಬಂದೇ ಬರುತ್ತೆ ಅನ್ನೋದು ಖಾತ್ರಿ ಇತ್ತು. ಬಂದಾಗ ಹಾಳೆ ತೆರೆದಿರಬೇಕು, ಅಷ್ಟೇ.

ಹೀಗಿರುವಾಗ ಹಳೇ ಕಂಪ್ಯೂಟರ್ ಒಂದು ಸಲ ಸೀನಿ ಕಣ್ಣು ಮುಚ್ಚಿತು. ಹೊಸದು ತಂದ. ಅದು ಬಲು ಮರ್ಯಾದಸ್ಥ.

ಒಂದು ಮಾತು ಬಂತು. ಮರಿಸ್ವಾಮಿ ಹಾಳೆ ಕೇಳಿದ. ತಮ್ಮ ಹೆಸರೇನು ಅಂತು ಹೊಸ ಕಂಪ್ಯೂಟರ್. ಹೇಳಿದ. ಹಾಳೆಗೆ ಯಾವ ಬಣ್ಣ ಅಂತು. ಹೇಳಿದ. ಯಾವ ಕಪಾಟಿನಲ್ಲಿ ಇಡೋಣ, ಮೌಸ್ ಹಿಡಿದು ತೋರಿಸಿ ಅಂತು. ಕೈ ಎತ್ತಿದ. ಮಾತು ಓಡಿತು.

ಓಡಿದ ಮಾತು ಸುಮ್ಮನಿರುತ್ತಾ? ಹೋಗಿ ರಾಜನ ತಲೆಯಲ್ಲಿ ಕೂತಿತು. ‘ಬೆಲ್ಲ ಕೊನೇಲಿ ಹಾಕಿ’ ಅನ್ನೋ ಮಾತು ಅದು. ಚೆನ್ನಾಜಮ್ಮ ಹೇಳಿದ್ದು ಸಾರಿನ ವಿಷಯಕ್ಕೆ. ರಾಜನಿಗೇನು ಗೊತ್ತು? ಎಲ್ಲದಕ್ಕೂ ಕೊನೇಲಿ ಬೆಲ್ಲ ಹಾಕಬೇಕು ಅಂತ ಡಂಗುರ ಹೊಡೆಸಿದ. ಸ್ನಾನಕ್ಕೂ ಹಾಕಿದರು. ನ್ಯಾಯಕ್ಕೂ ಹಾಕಿದರು. ಊರೆಲ್ಲ ಇರುವೆ.

ಇನ್ನೊಂದು ಮಾತೂ ಹಾಗೇ ಓಡಿತು. ‘ಒದ್ದೆ ಟವಲ್ ಹಾಸಿಗೆ ಮೇಲೆ ಹಾಕಬೇಡಿ.’ ಅದು ಸೇನಾಪತಿಯ ತಲೆಗೆ ಹೋಯಿತು. ಅವತ್ತೇ ಶತ್ರುಗಳು ಹೊಳೆ ಈಜಿ ಬಂದಿದ್ದರು. ಸೇನಾಪತಿ ಕೋಟೆ ಬಾಗಿಲಲ್ಲಿ ನಿಂತು, ಟವಲ್ ಒಣಗಿದೆಯಾ ಅಂತ ಕೇಳಿದ. ಇಲ್ಲ ಅಂದರು. ಒಣಗಿಸಿಕೊಂಡು ಬನ್ನಿ ಅಂದ. ನಾಚಿಕೊಂಡು ವಾಪಸ್ ಹೋದರು.

ಊರಿಗೆ ಒಳ್ಳೇದಾಯಿತು. ಮರಿಸ್ವಾಮಿಗೆ ಆಗಲಿಲ್ಲ. ಆ ಕಡೇ ಮಾತೂ ಹೀಗೇ ಇನ್ನೊಬ್ಬರ ತಲೆಗೆ ಹೋದರೆ?

ಆ್ಯಪ್ ಅಂಗಡಿ ಶಾಂತವೀರಪ್ಪನ ಹತ್ತಿರ ಹೋದ. ಆ್ಯಪ್‌ಗಳು ಸೀಸೆಗಳಲ್ಲಿ ಕೂತಿದ್ದವು. ಒಂದು, ನಾನು ಚಿತ್ರ ಬರೀತೀನಿ ಅಂತು. ಇನ್ನೊಂದು, ಬೆಳಿಗ್ಗೆ ನಾನೇ ಎಬ್ಬಿಸ್ತೀನಿ ಅಂತು. ನಾನು ಎದ್ದೇ ಇರ್ತೀನಿ ಅಂದ ಮರಿಸ್ವಾಮಿ. ಮೂಲೆಯಲ್ಲಿ ಬಡಕಲು ಆ್ಯಪ್ ಒಂದು ಸುಮ್ಮನೆ ಕೂತಿತ್ತು. ಎರಡು ಕೀ ಒತ್ತಿದ. ‘ಹೂಂ’ ಅಂತು. ಹಾಳೆ ತೆರೆದಿತ್ತು.

“ಇದೇ ಬೇಕು” ಅಂದ.

ಶಾಂತವೀರಪ್ಪ ದುಡ್ಡು ಬೇಡ ಅಂದ. ಇದರಲ್ಲಿ ಬರೆಯೋ ಮೊದಲನೇ ಮಾತು ನನಗೆ ಕೊಡಬೇಕು, ಕೊಟ್ಟ ಮೇಲೆ ನಿನಗೆ ಅದು ನೆನಪಿರಬಾರದು ಅಂದ. ಮರಿಸ್ವಾಮಿ ಒಪ್ಪಿದ. ಮೊದಲು ಬರೋದು ಟವಲ್ಲೋ ಬೆಲ್ಲವೋ, ಅಂಥದ್ದೇ ಅಂತ ಅವನ ಎಣಿಕೆ.

ಮನೆಗೆ ಬಂದು ಕೂತ. ಮಾತು ಬಂತು. ಕೀ ಒತ್ತಿದ. ‘ಹೂಂ’ ಅಂತು. ಟೈಪ್ ಹೊಡೆದ. ನೋಡಿದರೆ ಆಸ್ಪತ್ರೆಯ ಆ ಕಡೇ ಮಾತು.

‘ನೀವು ಊಟ ಮಾಡ್ಕೊಂಡು ಬನ್ನಿ. ನಾನೆಲ್ಲಿ ಹೋಗ್ತೀನಿ.’

ಮರಿಸ್ವಾಮಿ ಕೈ ಎತ್ತಲಿಲ್ಲ.

ಅಷ್ಟರಲ್ಲಿ ಶಾಂತವೀರಪ್ಪ ಬಾಗಿಲಿಗೆ ಬಂದ. “ಕೊಡಯ್ಯ ನನ್ನ ಮಾತು.”

“ಓದಿ ತಗೊಳಿ, ಯಜಮಾನ್ರೇ.”

ಓದಿದ. ಚೆನ್ನಾಜಮ್ಮನ ಮಾತು ಅದು, ಓದಿದ ಮೇಲೆ ಕೇಳಲೇಬೇಕು. ಊಟ ಮಾಡ್ಕೊಂಡು ಬರ್ತೀನಿ ಅಂತ ಹೊರಟ. ಉಂಡು ಬಂದ. ತಗೊಳ್ಳೋಕೆ ಮತ್ತೆ ಓದಬೇಕಲ್ಲ, ಓದಿದ. ಮತ್ತೆ ಊಟಕ್ಕೆ ಹೋದ. ಹೀಗೇ ಉಂಡು, ಓದಿ, ಉಂಡು, ಓದಿ, ಈಗ ಅವನು ಮರಿಸ್ವಾಮಿ ಮನೆ ಬಾಗಿಲಲ್ಲಿ ಹಿಡಿಸೋದಿಲ್ಲ. ಬೀದಿಯಲ್ಲಿ ನಿಂತು ನೋಡಿ ಹೋಗುತ್ತಾನೆ.

ಮರಿಸ್ವಾಮಿಯೂ ಓದಿದ್ದನಲ್ಲ. ಎದ್ದ. ಒಲೆ ಹಚ್ಚಿದ. ಸಾರು ಮಾಡಿದ. ಬೆಲ್ಲ ಕೊನೇಲಿ ಹಾಕಿದ. ಹೊಟ್ಟೆ ತುಂಬ ಉಂಡು ಬಂದ. ಬಂದು ನೋಡಿದರೆ ಮಾತು ಅಲ್ಲೇ ಇತ್ತು. ಎಲ್ಲೂ ಹೋಗಿರಲಿಲ್ಲ.

ಇದರ ನೀತಿ ಏನಪ್ಪ ಅಂದರೆ, ಹೊಳೆ ದಾಟೋರು ಟವಲ್ ಒಣಗಿಸಿಕೊಳ್ಳಬೇಕು. ಕತೆ ಹಾಳೆ ಮೇಲೆ ಕೂತಿತು. ನೀವು ಏಳಿ, ಊಟಕ್ಕೆ ಹೊತ್ತಾಯಿತು.