ಅಂಬಿಗನ ನೀರಂಜಿ

"ಗುರುಗಳೇ, ಸತ್ತವರದ್ದೆಂದು ಉಳಿದಿರುವುದನ್ನೂ ಕೈಬಿಟ್ಟರೆ ಅವರನ್ನು ಇನ್ನೊಮ್ಮೆ ಕಳೆದುಕೊಂಡಂತೆ ಆಗುವುದಿಲ್ಲವೇ?"

ಕೇಳಿದವನು ಬೊಮ್ಮಯ್ಯನೆಂಬ ಶಿಷ್ಯ. ಅವನ ತಮ್ಮ ತೀರಿಕೊಂಡು ವರ್ಷ ಕಳೆದಿತ್ತು. ತಮ್ಮನ ಅಂಗಿಯನ್ನೇ ತೊಟ್ಟು, ತಮ್ಮನ ಚಾಪೆಯಲ್ಲೇ ಮಲಗಿ, ಮಠದಲ್ಲಿ ಯಾರೊಡನೆಯೂ ಮಾತಿಲ್ಲದೆ ಅವನು ದಿನ ದೂಡುತ್ತಿದ್ದ. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು:

ಒಂದು ಹೊಳೆಯ ಕಡವಿನಲ್ಲಿ ಒಬ್ಬ ಅಂಬಿಗನಿದ್ದ. ಹೆಂಡತಿ ಹೆರಿಗೆಯಲ್ಲೇ ತೀರಿಹೋಗಿದ್ದಳು. ಹೊನ್ನಿ ಎಂಬ ಒಬ್ಬಳೇ ಮಗಳನ್ನು ದೋಣಿಯಲ್ಲಿಟ್ಟುಕೊಂಡೇ ಸಾಕಿದ. ದಡದಲ್ಲಿ ಒಂದು ನೀರಂಜಿ ಮರವಿತ್ತು. ಹೊನ್ನಿ ಅದರ ನೀಳವಾದ ಎಲೆಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟು, ಅವು ಹೋದ ದಾರಿಯನ್ನೇ ನೋಡುತ್ತ ನಿಲ್ಲುತ್ತಿದ್ದಳು. ಎಂಟನೆಯ ವಯಸ್ಸಿನಲ್ಲಿ ಜ್ವರ ಬಂದು ಮೂರೇ ದಿನಕ್ಕೆ ಹೋದಳು. ಅಂಬಿಗ ಅವಳನ್ನು ಆ ಮರದ ಬುಡದಲ್ಲೇ ಹೂಳಿದ. ಮರುದಿನದಿಂದ ಯಾರ ಮುಖವನ್ನೂ ನೋಡದೆ ದೋಣಿಗೆ ಹುಟ್ಟು ಹಾಕತೊಡಗಿದ.

ನಾಲ್ಕು ವರ್ಷದ ಮೇಲೆ ಹೊಳೆ ದಿಕ್ಕು ಬದಲಿಸಿತು. ಮಳೆಗಾಲ ಬಂದಾಗಲೆಲ್ಲ ಆ ದಡವನ್ನು ಕೊರೆಯುತ್ತ ಬಂತು. ಇನ್ನೊಂದು ಪ್ರವಾಹಕ್ಕೆ ಸಮಾಧಿಯೂ ಮರವೂ ಉಳಿಯುವುದಿಲ್ಲವೆಂದು ಅವನಿಗೆ ತಿಳಿಯಿತು. ಮರದ ಒಂದು ಕೊಂಬೆಯನ್ನಾದರೂ ಉಳಿಸಿಕೊಳ್ಳುತ್ತೇನೆಂದು, ಎಲೆ ತುಂಬಿದ ದೊಡ್ಡ ಕೊಂಬೆಯನ್ನು ಕಡಿದು ಮೇಲಿನ ದಿಬ್ಬದಲ್ಲಿ ನೆಟ್ಟ. ದಿನವೂ ಕೊಡ ಕೊಡ ನೀರು ಹೊತ್ತು ಹಾಕಿದ. ಐದನೆಯ ದಿನಕ್ಕೆ ಎಲೆಗಳೆಲ್ಲ ಜೋತುಬಿದ್ದವು, ಕೊಂಬೆ ಒಣಗಿತು. ಇನ್ನೊಂದನ್ನು ನೆಟ್ಟ. ಅದೂ ಒಣಗಿತು.

ಬುಟ್ಟಿ ಹೆಣೆಯುವ ಮುದುಕಿಯೊಬ್ಬಳು ಹೊಳೆ ದಾಟಲು ಬಂದವಳು ಅದನ್ನು ನೋಡಿದಳು.

"ಮಗಾ, ಇಷ್ಟೊಂದು ಎಲೆಗೆ ಉಣಿಸಲು ಇದಕ್ಕೆ ಬೇರು ಎಲ್ಲಿದೆ? ಗೇಣುದ್ದದ ಕಡ್ಡಿ ಸಾಕು. ಎಲೆಯನ್ನೆಲ್ಲ ಸವರಿಬಿಡು. ಚಿಗುರೊಡೆಯುವ ಒಂದು ಕಣ್ಣು ಮಾತ್ರ ಮೇಲಿರಲಿ, ಉಳಿದದ್ದನ್ನು ಮಣ್ಣಿಗೆ ಕೊಡು."

"ಎಲೆಯೂ ಹೋದರೆ ನನ್ನ ಹೊನ್ನಿಯದೆನ್ನುವುದು ಇದರಲ್ಲಿ ಏನು ಉಳಿಯುತ್ತದೆ ಅಜ್ಜಿ?"

ಮುದುಕಿ ಬಾನಿನತ್ತ ನೋಡಿದಳು. "ಮೋಡ ಕಟ್ಟಿದೆ, ತಡಮಾಡಬೇಡ" ಎಂದಷ್ಟೇ ಹೇಳಿ ದೋಣಿ ಹತ್ತಿದಳು.

ಮರುದಿನ ಅಂಬಿಗ ಮರದ ಬಳಿಗೆ ಹೋದ. ಅದು ಆಗಲೇ ಹೊಳೆಗೆ ವಾಲಿತ್ತು. ಅರ್ಧ ಬೇರು ಗಾಳಿಯಲ್ಲಿ ನೇತಾಡುತ್ತಿತ್ತು. ಒಂದು ಎಳೆಯ ಕೊಂಬೆ ಕಡಿದು ಎಲೆ ಕೀಳತೊಡಗಿದ. ಕೊನೆಗೆ ಬರಿಯ ಕಡ್ಡಿ ಉಳಿಯಿತು. ಅದನ್ನು ದಿಬ್ಬದ ಮಣ್ಣಿಗಿಳಿಸಿ ಸುತ್ತಲೂ ಅದುಮುವಾಗ, ಮಗಳನ್ನು ಹೂಳಿದ ದಿನವೂ ತನ್ನ ಕೈ ಹೀಗೆಯೇ ಅದುಮಿತ್ತೆಂಬುದು ನೆನಪಾಯಿತು. ಅವನು ಅಲ್ಲೇ ಕುಸಿದು ಕುಳಿತು ಅತ್ತ. ಹೊನ್ನಿ ಸತ್ತ ಮೇಲೆ ಅವನು ಅತ್ತದ್ದು ಅದೇ ಮೊದಲು.

ಮೂರನೆಯ ದಿನ ಹೊಳೆ ಉಕ್ಕಿತು. ಸಮಾಧಿಯನ್ನೂ ಮರವನ್ನೂ ಒಯ್ದಿತು. ದಿಬ್ಬದ ಬುಡದವರೆಗೂ ಬಂದು ಅಲ್ಲಿಯೇ ನಿಂತಿತು.

ಮಳೆಗಾಲ ಮುಗಿಯುವವರೆಗೆ ಅವನು ದಿಬ್ಬ ಹತ್ತಲಿಲ್ಲ. ಕಡ್ಡಿಯೂ ಒಣಗಿ ಹೋಗಿದ್ದರೆ ಅದನ್ನು ನೋಡುವ ಧೈರ್ಯ ಅವನಿಗಿರಲಿಲ್ಲ. ಒಂದು ದಿನ ಅಲ್ಲಿ ಮೇಕೆಗಳು ಮೇಯುತ್ತಿರುವುದು ಕಂಡು, ತನಗೇ ತಿಳಿಯದಂತೆ ಓಡಿ ಹೋದ. ಕಡ್ಡಿಯ ಕಣ್ಣು ಒಡೆದು ಎರಡು ಎಲೆ ಬಂದಿದ್ದವು. ಅಂದೇ ಮುಳ್ಳು ತಂದು ಬೇಲಿ ಕಟ್ಟಿದ.

ವರ್ಷಗಳು ಕಳೆದವು. ದೋಣಿಗೆ ಕಾಯುವವರು ಆ ನೀರಂಜಿಯ ನೆರಳಿನಲ್ಲಿ ಕೂರತೊಡಗಿದರು. ಅಂಬಿಗನೂ ಹುಟ್ಟನ್ನು ಪಕ್ಕಕ್ಕಿಟ್ಟು ಅವರ ನಡುವೆ ಕೂರುತ್ತಿದ್ದ.

ಗುರುಗಳು ನಿಲ್ಲಿಸಿದರು. ಬೊಮ್ಮಯ್ಯ ಕೇಳಿದ:

"ಆ ಮರದಲ್ಲಿ ಅವನಿಗೆ ಹೊನ್ನಿ ಕಂಡಳೇ?"

"ಇಲ್ಲಪ್ಪ, ಅದರ ಕೆಳಗೆ ಆಡುತ್ತಿದ್ದ ಊರವರ ಮಕ್ಕಳು ಕಂಡರು" ಎಂದರು ಗುರುಗಳು.

ಆ ಸಂಜೆ ಬೊಮ್ಮಯ್ಯ ಮಠದ ಇತರ ಶಿಷ್ಯರ ನಡುವೆ ಹೋಗಿ ಕುಳಿತ.